ತಾಳ ತಪ್ಪಿದ ಚಿತ್ರ

೧೯೮೦ರಲ್ಲಿ ಜಪಾನಿನಲ್ಲಿ ಹುಟ್ಟಿದ ‘ಪ್ಯಾಕ್‌ಮನ್’ ಆಟದ ಹಳೆಯ ಪೆಟ್ಟಿಗೆಗಳಿಗೆ ಈಗ ಮುಪ್ಪು ಅಡರಿದೆ. ಕೆಲವುಗಳಲ್ಲಿ ಚಿತ್ರವು ನಿಂತಲ್ಲಿ ನಿಲ್ಲದು. ಮೇಲೆ ಕೆಳಗೆ ಉರುಳುತ್ತದೆ, ಇಲ್ಲವೆ ಓರೆಯಾಗಿ ಸೀಳುತ್ತದೆ. ಚಿತ್ರನಳಿಗೆಯೇ ಸತ್ತಿತೆಂದು ಒಡೆಯನು ಗುಜರಿಯವನನ್ನು ಕರೆಯುತ್ತಾನೆ. ಪಾಪ, ನಳಿಗೆಯದೇನು ತಪ್ಪು? ಸೆಕೆಂಡಿಗೆ ೧೫,೦೦೦ಕ್ಕೂ ಹೆಚ್ಚು ಗೆರೆಗಳನ್ನೆಳೆಯುವ ಎಲೆಕ್ಟ್ರಾನ್ ಕಿರಣಕ್ಕೆ ತಾಳ ಹಾಕುವುದು ‘ಸಿಂಕ್’ ಸಂಕೇತ. ಅದರ ತಂತಿ ಸಡಿಲಿದರೆ, ಬೆಸುಗೆ ಬಿರಿದರೆ, ಕೆಪಾಸಿಟರು ಒಣಗಿದರೆ ತಾಳ ತಪ್ಪುತ್ತದೆ.

ಬಲ್ಲವನು ಮೊದಲು ಆಟದ ಹಲಗೆಯಲ್ಲಿನ ೫ ವೋಲ್ಟನ್ನು ಅಳೆಯುತ್ತಾನೆ. ಬಳಿಕ ಸಿಂಕ್ ತಂತಿಯನ್ನು ನೋಡಿ, ‘ಹೋಲ್ಡ್’ ಗುಂಡಿಯನ್ನು ಮೆಲ್ಲನೆ ತಿರುಗಿಸುತ್ತಾನೆ. ಅದಕ್ಕೂ ಬಗ್ಗದಿದ್ದರೆ ಬೆಸುಗೆಯ ಸರದಿ. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಅಪಾಯ ತೊಲಗದು; ನಳಿಗೆಯಲ್ಲಿ ಸಾವಿರಾರು ವೋಲ್ಟು ಹೊಂಚುಹಾಕಿರುತ್ತದೆ. ಅದನ್ನು ನಳಿಗೆಯ ನೆಲತಂತಿಗೆ ಹರಿಸಿದ ಮೇಲೆಯೇ ಕೈಯಿಡಬೇಕು.

ಇಂಥ ಹೊಸ ನಳಿಗೆ ಇಂದು ದುರ್ಲಭ. ಒಣಗಿದ ಕೆಪಾಸಿಟರಿಗಾಗಿ ಅದನ್ನು ಬಿಸುಡುವುದೆಂದರೆ, ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡಂತೆ.