ರಾವೂರದ ಒಂದು ಕೌದಿ

ಕಲಬುರ್ಗಿಯ ಕೋಟೆಯನ್ನು ನೋಡಹೋದವರು ಅಲ್ಲಿಯ ಸುಮಾರು 29 ಅಡಿ ಉದ್ದದ ತೋಪನ್ನು ಕಂಡು ಬೆರಗಾಗುವರು. ವಿಜಾಪುರಕ್ಕೆ ಹೋದವರು 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪನ್ನು ಮುಟ್ಟಿ ಬರುವರು. ನಾನಾದರೋ ಅಂಥ ತೋಪುಗಳ ವರ್ಣನೆಗೆ ಹೊರಟವನಲ್ಲ. ಬಂದೂಕಿನ ಬಾಯೊಳಗೆ ಹೋಗಿ ಹೊಗೆಯೊಡನೆ ಹೊರಬೀಳುತ್ತಿದ್ದ ಅಂಗೈಗಿಂತ ಚಿಕ್ಕದಾದ ಅರಿವೆಯ ತುಣುಕೊಂದರ ಸಂಗತಿಯನ್ನು ವಾಚಕರಿಗೆ ಹೇಳಬೇಕಾಗಿದೆ.

ಅದನ್ನು ನಾನು ಕೇಳಿದ್ದು ಚಿತ್ತಾಪುರ ತಾಲೂಕಿನ ರಾವೂರದಲ್ಲಿ. 1874ರಲ್ಲಿ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆದ ವಾಡಿ ಜಂಕ್ಷನ್ನಿನಲ್ಲಿ ಇಳಿದು ಅಲ್ಲಿಗೆ ಹೋಗಬೇಕು. ಈ ಸೀಮೆಯಲ್ಲಿ ನೆಲವನ್ನು ಅಗೆದರೆ ಶಹಾಬಾದ ಕಲ್ಲು ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಏಳುವದು. ನಾನು ಇಳಿದುಕೊಂಡ ಮನೆಯ ನೆಲವೂ ಅದೇ ಕಲ್ಲಿನದು. ರಾತ್ರಿ ಹೊದೆಯಲು ಒಂದು ಹಳೆಯ ಕೌದಿಯನ್ನು ಕೊಟ್ಟರು. ಅದರಲ್ಲಿ ನೀಲಿ ಪಟ್ಟೆಯ ದಪ್ಪ ಗಾದಿಯ ಅರಿವೆಯ ಚೂರುಗಳು ನೂರಾರು ಇದ್ದವು. ಪ್ರತಿಯೊಂದರ ಒಂದು ಅಂಚು ಬಿಲ್ಲಿನಂತೆ ಬಾಗಿತ್ತು. ಇದೇನೆಂದು ಕೇಳಲು, ತೊಂಬತ್ತರ ಸಮೀಪದ ಮನೆಯ ಹಿರಿಯರು ನಕ್ಕರು.

"ತಮ್ಮಾ, ಬಂದೂಕು ಹಾರಸಾಂವ ನಮ್ಮಪ್ಪ, ಆದರ ಗುಂಡಿಗಿ ದಾರಿ ತೋರಸಾಕಿ ನಮ್ಮವ್ವ ಇದ್ದಳು."

ನಿಜಾಮರ ಆಳಿಕೆಯ ಕೊನೆಯ ವರ್ಷಗಳವು. ಜೋಳದ ಹೊಲಕ್ಕೆ ಹಂದಿಗಳ ಕಾಟ. ಇವರ ತಂದೆಯಲ್ಲಿ ಬಾಯಿಯಿಂದ ಮದ್ದು ತುಂಬುವ ಬಂದೂಕೊಂದಿತ್ತು. ಸೀಸದ ಗುಂಡು ನಳಿಗೆಗಿಂತ ತುಸು ಸಣ್ಣದಿರುವದರಿಂದ ಅದನ್ನು ಅರಿವೆಯಲ್ಲಿ ಸುತ್ತಿ ಇಳಿಸಬೇಕು. ಇಲ್ಲದಿದ್ದರೆ ಮದ್ದಿನ ಬಲವೆಲ್ಲ ಸಂದಿನಲ್ಲಿ ಸೋರಿ ಗುಂಡು ಗುರಿ ತಪ್ಪುವದು. ಒಂದು ಸಂಜೆ ತಂದೆಯವರು ಅವಸರದಲ್ಲಿ ಕೈಗೆ ಸಿಕ್ಕ ಒರಟು ಚಿಂದಿಯನ್ನು ಸುತ್ತಿದರು. ಗುಂಡು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಗುಂಡಿಗೂ ಮದ್ದಿಗೂ ನಡುವೆ ತೆರಪು ಉಳಿದರೆ ನಳಿಗೆ ಸೀಳುವದುಂಟು. ಹಾಗೆಯೇ ಆಯಿತು; ಎಡಗೈಯ ಎರಡು ಬೆರಳು ಹೋದವು.

ಎರಡನೆಯ ಬಂದೂಕು ಮನೆಗೆ ಬಂದ ದಿನ ತಾಯಿ ಅರಿವೆಯ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡಳು. ಒತ್ತಾಗಿ ನೇಯ್ದ ಹತ್ತಿಯ ಅರಿವೆಯನ್ನೇ ಆರಿಸುವಳು. ಗಂಜಿ ಹೋಗುವಂತೆ ಅದನ್ನು ಬಿಸಿನೀರಿನಲ್ಲಿ ಒಗೆದು ಒಣಗಿಸುವಳು. ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡುವಳು. ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಆ ದಪ್ಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗುಂಡು ಬಿಗಿಯುವದು, ಇಲ್ಲವೆ ಸಡಿಲಾಗುವದು. ಗುಂಡಿನ ಅಡ್ಡಳತೆಯ ಎರಡರಷ್ಟಕ್ಕಿಂತ ತುಸು ಹೆಚ್ಚಾಗಿ ದುಂಡಗೆ ಕತ್ತರಿಸುವಳು. ಕೊಬ್ಬನ್ನು ಮುಟ್ಟದ ಮನೆಯಾದುದರಿಂದ ಜೇನುಮೇಣವನ್ನು ಔಡಲೆಣ್ಣೆಯಲ್ಲಿ ಕರಗಿಸಿ ಸವರುವಳು. ಇದರಿಂದ ಗುಂಡು ಸಲೀಸಾಗಿ ಇಳಿಯುವದಲ್ಲದೆ ನಳಿಗೆಯ ಮಸಿಯೂ ಮೆತ್ತಗಾಗುವದು. ಈ ತುಣುಕಿಗೆ ಆಕೆ ಇಟ್ಟ ಹೆಸರು 'ಗುಂಡಿನ ಕುಲಾವಿ'. ಗುಂಡು ಮದ್ದನ್ನು ಮುಟ್ಟಿತೆಂಬುದನ್ನು ತಿಳಿಯಲು ದೂಡುವ ಸಲಾಕೆಯ ಮೇಲೆ ಒಂದು ಗೀರನ್ನೂ ಎಳೆಸಿದಳು. ಆ ಗೀರು ನಳಿಗೆಯ ಬಾಯಿಗೆ ಬಾರದೆ ಗುಂಡು ಹಾರಿಸಕೂಡದೆಂಬುದು ಆಕೆಯ ಕಟ್ಟಪ್ಪಣೆ.

ಹಾರಿಬಿದ್ದ ಕುಲಾವಿಯನ್ನು ಹುಡುಕಿ ತರುವದು ಬಾಲಕನಾದ ಇವರ ಕೆಲಸ. ಕಿಡಿ ಹೊತ್ತಿಕೊಂಡಿದ್ದರೆ ಮೊದಲು ತುಳಿದು ಆರಿಸಬೇಕು, ಇಲ್ಲವಾದರೆ ಒಣಗಿದ ಜೋಳಕ್ಕೇ ಬೆಂಕಿ! ತಾಯಿ ಅದನ್ನು ದೀಪದ ಬೆಳಕಿನಲ್ಲಿ ಓದುತ್ತಿದ್ದಳು. ಅಂಚು ಮಾತ್ರ ಬಿರಿದು ನಡುವು ಗಟ್ಟಿಯಾಗಿದ್ದರೆ ಎಲ್ಲ ಸರಿ. ನಡುವು ಸುಟ್ಟಿದ್ದರೆ ಅರಿವೆ ತೆಳುವಾಯಿತು ಅಥವಾ ಎಣ್ಣೆ ಸಾಲದಾಯಿತು. ಸೀಳಿದ್ದರೆ ನಳಿಗೆಯ ಬಾಯಲ್ಲಿ ಎಲ್ಲಿಯೋ ಚೂಪು ಉಂಟು.

ಬಂದೂಕಿನ ಎಣ್ಣೆ ಕೊಬ್ಬುಗಳ ಮಾತು ಅಲ್ಪವೆಂದು ತಿಳಿಯಲಾಗದು. 1857ರಲ್ಲಿ ಎನ್‌ಫೀಲ್ಡ್ ಬಂದೂಕಿನ ಕಾಗದದ ತೋಟೆಗಳಿಗೆ ದನ ಹಂದಿಗಳ ಕೊಬ್ಬನ್ನು ಸವರಿದ್ದಾರೆಂಬ ಸುದ್ದಿಯೇ ಸಿಪಾಯಿಗಳನ್ನು ಕೆರಳಿಸಿತು. ಅದೇ ವರ್ಷ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲಾರೆವೆಂದು ನಿಂತು ಪ್ರಾಣ ತೆತ್ತರು.

ರಾವೂರದ ಮನೆಯ ಬಂದೂಕು 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ ಸಂಸ್ಥಾನವು ಭಾರತಕ್ಕೆ ಸೇರಿದ ಬಳಿಕ ಸರಕಾರಕ್ಕೆ ಒಪ್ಪಿಸಲ್ಪಟ್ಟಿತಂತೆ. ಈಗಲಾದರೋ ಪರವಾನಿಗೆಯಿಲ್ಲದೆ ಅಂಥದನ್ನು ಇಟ್ಟುಕೊಳ್ಳುವಂತಿಲ್ಲ. 1972ರ ಕಾಯಿದೆಯ ಮೇಲೆ ಕಾಡುಪ್ರಾಣಿಗಳ ಬೇಟೆಯೂ ಸಲ್ಲದು. ಉಳಿದದ್ದು ಕೌದಿ. ಚೌಕದಿಂದ ದುಂಡಗೆ ಕತ್ತರಿಸಿದ ಮೇಲೆ ಮಿಕ್ಕ ಮೂಲೆಗಳನ್ನು ಆ ತಾಯಿ ಎಸೆಯದೆ ಕೂಡಿಸಿಟ್ಟು ಹೊಲಿದದ್ದು ಅದು.

"ಅಪ್ಪನ ಉಳಿದ ಮೂರು ಬೆರಳು ಇದರಿಂದನೇ ಉಳದವು," ಎಂದು ಹಿರಿಯರು ಅದನ್ನು ಸವರಿದರು.

ಮರುದಿನ ಬೆಳಿಗ್ಗೆ ನಾನು ವಾಡಿಗೆ ಹೊರಟಾಗ ಆ ಕೌದಿಯನ್ನು ಮಡಿಸಿ ಪಡಸಾಲೆಯಲ್ಲಿ ಹಾಸಿದ್ದರು. ಅದರ ಮೇಲೆ ಮರಿಮಗಳು, ತಲೆಗೆ ಕುಲಾವಿ ಕಟ್ಟಿಸಿಕೊಂಡು, ಗಾಢವಾಗಿ ಮಲಗಿದ್ದಳು.