ಅವ್ವ ಮತ್ತು ತೇಲುವ ಗುಳಿಗೆ

ಬ್ಲಾಗಿನ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು, ಬೈಯಬೇಡಿ. ಇವತ್ತು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೀನಿ.

ಅವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಹೋಗ್ತಾಳೆ. ಕೂತಲ್ಲೇ ಕೂತು, ನೀರೂ ಸರಿಯಾಗಿ ಕುಡಿಯದೆ ಉರಿಮೂತ್ರ ಶುರುವಾಯ್ತು. ಹಾವೇರಿಯ ಡಾಕ್ಟರು ಪರೀಕ್ಷೆ ಮಾಡಿಸಿ, ದಿನಕ್ಕೊಂದೇ ಸಲ ನುಂಗುವ ಸಿಪ್ರೊಫ್ಲಾಕ್ಸಾಸಿನ್ ಬರೆದರು. ರಾಣೆಬೆನ್ನೂರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋ ನಾನೇ ತಂದುಕೊಟ್ಟೆ. "ದಿನಾ ಒಂದು, ಊಟಾದ ಮ್ಯಾಲೆ" ಅಂದವನೇ ಬಸ್ಸು ಹತ್ತಿದೆ. ಮುಗೀತು ನನ್ನ ಉಪದೇಶ!

ಎರಡು ದಿನ ಬಿಟ್ಟು ಫೋನ್ ಮಾಡಿದರೆ, "ಉರಿ ಹಂಗ ಐತೋ ತಮ್ಮಾ, ಹೊಟ್ಟಿ ಬ್ಯಾರೆ ತೊಳಸ್ತೈತಿ. ಗುಳಿಗಿ ಭಾಳ ದೊಡ್ಡದು, ಗಂಟಲಾಗ ಇಳಿವಲ್ದು. ಕುಟ್ಟಿ ಪುಡಿ ಮಾಡಿ ಹಾಲಾಗ ಕುಡಿಯಾಕತ್ತೇನಿ" ಅಂದಳು.

ತಲೆ ಮೇಲೆ ಕೈ ಹೊತ್ತು ಕೂತೆ. ಯಾಕಂದ್ರೆ ಅದು ಹೊಟ್ಟೆಯಲ್ಲಿ ತೇಲುವ ಗುಳಿಗೆ. ಮಿರ್ಚಿ ಭಜಿ ಎಣ್ಣೆಯಲ್ಲಿ ಉಬ್ಬಿ ಮೇಲೆ ಬರುತ್ತಲ್ಲ, ಹಾಗೆ. ಭಜಿ ಹಿಟ್ಟಿಗೆ ಹಾಕುವ ಸೋಡಾನೇ ಇದರಲ್ಲೂ ಇರುತ್ತೆ. ಜಠರದ ಆಮ್ಲ ತಾಗಿದಾಗ ಅದರಿಂದ ಕಾರ್ಬನ್ ಡೈಆಕ್ಸೈಡ್ ಏಳುತ್ತೆ. ಕ್ಸಾಂಥನ್ ಗಮ್, ಸೋಡಿಯಂ ಆಲ್ಜಿನೇಟ್‌ನಂಥ ಪಾಲಿಮರ್ ನೀರು ಕುಡಿದು ಲೋಳೆಯಾಗಿ, ಆ ಗುಳ್ಳೆಗಳನ್ನ ಒಳಗೇ ಹಿಡಿದಿಡುತ್ತೆ. ಗುಳಿಗೆ ಹಗುರಾಗಿ ತೇಲುತ್ತೆ.

ತೇಲಿಸೋದು ಯಾಕೆ? ಈ ಔಷಧಿ ಮೈಗೆ ಸೇರೋದು ಹೆಚ್ಚಾಗಿ ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಗುಳಿಗೆ ಬೇಗ ಆ ಜಾಗ ದಾಟಿದರೆ ಉಳಿದದ್ದು ದಂಡ. ಜಠರದಲ್ಲೇ ನಿಂತರೆ ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಕೆಳಗಿಳಿಯುತ್ತೆ. ಉಂಡ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತೆ, ಅದಕ್ಕೇ ಊಟದ ಮೇಲೆ. 2015ರಲ್ಲಿ ಸನ್ ಫಾರ್ಮಾದೊಳಗೆ ವಿಲೀನವಾದ ನಮ್ಮ ದೇಶದ ರ್‍ಯಾನ್‌ಬ್ಯಾಕ್ಸಿ ಇಂಥ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆಯನ್ನ ಆ ಮೊದಲೇ ರೂಪಿಸಿತ್ತು.

ಕುಟ್ಟಿದರೆ ಇಷ್ಟೂ ಉಪಾಯ ಕಲ್ಲಿನ ಕೆಳಗೇ ಹೋಯ್ತು. ದಿನಪೂರ್ತಿಯದ್ದು ಒಂದೇ ಏಟಿಗೆ ಬಿಡುಗಡೆ! ಮೇಲಾಗಿ ಹಾಲಿನ ಕ್ಯಾಲ್ಸಿಯಂ ಔಷಧಿಗೆ ಅಂಟಿಕೊಂಡು ಅದು ರಕ್ತ ಸೇರದಂತೆ ಮಾಡುತ್ತೆ. ಅರೆಬರೆ ಔಷಧಿ ಅಂದ್ರೆ ರೋಗಾಣುವಿಗೆ ತಡೆದುಕೊಳ್ಳೋ ಪಾಠ ಹೇಳಿಕೊಟ್ಟಂಗೆ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಪೂರ್ತಿ ಕೇಳಿ, "ಇಷ್ಟು ಓದಿದಾಂವ ಮೊದಲ ಹೇಳಬಾರದಿತ್ತೇನೋ?" ಅಂದಳು. ಉತ್ತರ ಇರಲಿಲ್ಲ.

ಡಾಕ್ಟರಿಗೆ ನಡೆದದ್ದು ತಿಳಿಸಿದೆ, ನುಂಗೋಕೆ ಸಲೀಸಾದ ಬೇರೆ ಔಷಧಿ ಕೊಟ್ಟರು. ಅವ್ವ ಪೂರ್ತಿ ಮುಗಿಸಿದಳು, ಗುಣವಾದಳು.

ಈಗ ಅಂಗಡಿಯಲ್ಲಿ ಇಂಥ ಗುಳಿಗೆ ಕೊಡುವಾಗ "ಕುಟ್ಟಬ್ಯಾಡ್ರಿ, ಕಡೀಬ್ಯಾಡ್ರಿ, ನುಂಗಾಕ ಆಗದಿದ್ರ ಹೇಳ್ರಿ" ಅಂತೀನಿ. ಕೆಲವರು ನಗ್ತಾರೆ. ನಗಲಿ ಬಿಡಿ.

ನಿಮ್ಮ ಮನೇಲೂ ಗುಳಿಗೆ ಕುಟ್ಟೋರು ಇದ್ದಾರಾ? ಒಮ್ಮೆ ಕೇಳಿ ನೋಡಿ...