ಜೆರಾಕ್ಸ್ ಇಲ್ಲದ ಗುರುತು

ಕೌತಾಳಂನ ಖಾದರ್‌ಲಿಂಗ ದರ್ಗಾಕ್ಕೆ ಝಿಯಾರತ್‌ಗೆ ಹೋದಾಗ ಆದೋನಿಯ ಲಾಡ್ಜೊಂದರಲ್ಲಿ ಐವರ ಆಧಾರ್ ಜೆರಾಕ್ಸ್ ಕೊಟ್ಟೆವು. “ರೂಮಿಗೆ ಉಮ್ಮನ ಹುಟ್ಟಿದ ತಾರೀಕು ಯಾಕೆ?” ಎಂದಳು ತಂಗಿ.

ನನ್ನ ಕೆಲಸವೂ ಇದೇ ಪ್ರಶ್ನೆಯ ಸುತ್ತಲಿನದು. ‘ಝೀರೋ ನಾಲೆಡ್ಜ್’ ಎಂಬ ವಿದ್ಯೆ 1985ರಲ್ಲಿ ಗೋಲ್ಡ್‌ವಾಸರ್, ಮಿಕಾಲಿ, ರಾಕಾಫ್ ಎಂಬವರ ಪ್ರಬಂಧದಲ್ಲಿ ಬಂತು. ಹುಟ್ಟಿದ ದಿನ ಹೇಳದೆಯೇ ವಯಸ್ಸು 18 ದಾಟಿದೆ ಎಂದು ಸಾಬೀತು ಮಾಡಬಹುದು. ಆಧಾರ್ ಕ್ಯೂಆರ್‌ನಲ್ಲಿ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಅದನ್ನೇ ಆಧರಿಸಿ ‘ಅನಾನ್ ಆಧಾರ್’ ಇಂಥ ಪುರಾವೆ ತಯಾರಿಸುತ್ತದೆ.

ಇದಕ್ಕೆ ಯಾವ ಬ್ಲಾಕ್‌ಚೈನ್ ಒಳ್ಳೆಯದು? ಎಲ್ಲರೂ ಫೀಸು, ವೇಗ ಕೇಳುತ್ತಾರೆ. ನಾನು ಕೇಳುವುದು, ಅದರ ಮೇಲೆ ಏನು ಬರೆಯುತ್ತೀರಿ ಎಂದು. ಬರೆದದ್ದು ಅಳಿಯದು. ಆಧಾರ್ ಸಂಖ್ಯೆಯ ಹ್ಯಾಶ್ ಹಾಕಿದರೂ ಭದ್ರವಲ್ಲ. 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಉಳಿದ 11ರ ಎಲ್ಲ ಸಾಧ್ಯತೆಗಳನ್ನೂ ಕಂಪ್ಯೂಟರ್ ಹೋಲಿಸಿ ನೋಡಬಲ್ಲದು. ಅಲ್ಲಿ ಇರಬೇಕಾದದ್ದು ಗುರುತು ಕೊಟ್ಟವರ ಸಾರ್ವಜನಿಕ ಕೀಲಿ, ರದ್ದಾದ ಗುರುತುಗಳ ಲೆಕ್ಕ, ಅಷ್ಟೆ. ಕೊಡುವವರು ಒಬ್ಬರೇ ಆದರೆ ಅವರ ವೆಬ್‌ಸೈಟೇ ಸಾಕು. ಒಬ್ಬರನ್ನೊಬ್ಬರು ನಂಬದ ಹಲವು ಸಂಸ್ಥೆಗಳಿದ್ದರೆ ಮಾತ್ರ ಎಥೀರಿಯಂನಂಥ ತೆರೆದ ಜಾಲ ಬೇಕು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಆ ಹಕ್ಕನ್ನು ದಿನನಿತ್ಯ ಬಳಸುವುದು ನಮ್ಮ ಕೈಯಲ್ಲಿದೆ. ಸದ್ಯಕ್ಕೆ ಮಾಸ್ಕ್ಡ್ ಆಧಾರ್ ಕೊಡಿ; ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಜಮಾಅತ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಪಡೆಯುವವರೂ ಅಷ್ಟನ್ನೇ ಕೇಳಲಿ.